ಹೈಡ್ ಪಾರ್ಕಿನಲ್ಲಿ ಭಾರತದ ಮಳಿಗೆ



ವೈದ್ಯಕೀಯ ಸಮ್ಮೇಳನಗಳಿಗೆ ಹೋಗಿಬರುವ ನಮ್ಮಂಥವರಿಗೆ ಪ್ರದರ್ಶನದ ಮಳಿಗೆಗಳು ಹೊಸವಲ್ಲ. ಉಪನ್ಯಾಸಗಳ ನಡುವಿನ ಬಿಡುವಿನಲ್ಲಿ ಔಷಧ ಕಂಪನಿಗಳ ಮೇಜುಗಳ ಮುಂದೆ ಸುತ್ತಾಡದ ವೈದ್ಯರು ವಿರಳ. ಆದರೆ ಮೇಜಿನ ಆಚೆ ಬದಿಯಲ್ಲಿ ನಿಂತು, ಇಡೀ ಭಾರತವನ್ನೇ ಒಂದು ಮಳಿಗೆಯಲ್ಲಿ ಜೋಡಿಸುವ ಹೊಣೆ ಒಮ್ಮೆ ನಮ್ಮ ವೃತ್ತಿಯವರೊಬ್ಬರ ಪಾಲಿಗೆ ಬಂದಿತ್ತು. ಆ ಪ್ರಸಂಗವನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ.

1851ರ ಮೇ 1ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಮಹಾ ವಸ್ತುಪ್ರದರ್ಶನವು ಆರಂಭವಾಯಿತು. ಜೋಸೆಫ್ ಪ್ಯಾಕ್ಸ್‌ಟನ್ ಕಬ್ಬಿಣ ಮತ್ತು ಗಾಜಿನಿಂದ ಕಟ್ಟಿದ ಆ ಸ್ಫಟಿಕ ಸೌಧಕ್ಕೆ ಐದೂವರೆ ತಿಂಗಳಲ್ಲಿ ಅರವತ್ತು ಲಕ್ಷ ಭೇಟಿಗಳಾದವು. ಅಲ್ಲಿನ ಭಾರತ ವಿಭಾಗವು ಈಸ್ಟ್ ಇಂಡಿಯಾ ಕಂಪನಿಯದು. ಅದನ್ನು ಸಜ್ಜುಗೊಳಿಸಿದವರು ಡಾ. ಜಾನ್ ಫೋರ್ಬ್ಸ್ ರಾಯ್ಲ್. ಕಾನ್ಪುರದಲ್ಲಿ ಹುಟ್ಟಿದ ಇವರು ಕಂಪನಿಯ ಶಸ್ತ್ರವೈದ್ಯರಾಗಿ ಬಂಗಾಳಕ್ಕೆ ಬಂದು, 1823ರಿಂದ ಸಹಾರನ್‌ಪುರದ ಸಸ್ಯೋದ್ಯಾನದ ಮೇಲ್ವಿಚಾರಕರಾದರು. ಲಂಡನ್ನಿಗೆ ಮರಳಿದ ಮೇಲೆ ಕಿಂಗ್ಸ್ ಕಾಲೇಜಿನಲ್ಲಿ ದ್ರವ್ಯಗುಣ ಶಾಸ್ತ್ರದ ಪ್ರಾಧ್ಯಾಪಕರಾದರು. ಹಿಂದೂ ವೈದ್ಯಶಾಸ್ತ್ರದ ಪ್ರಾಚೀನತೆಯನ್ನು ಕುರಿತು 1837ರಲ್ಲಿಯೇ ಗ್ರಂಥ ಪ್ರಕಟಿಸಿದ ವಿದ್ವಾಂಸರು ಅವರು.

ಪ್ರದರ್ಶನಕ್ಕಾಗಿ ರಾಜಮನೆತನದ ಆಯೋಗ ನೇಮಕವಾದದ್ದು 1850ರ ಜನವರಿಯಲ್ಲಿ. ಎಂದರೆ, ಇದ್ದ ಅವಧಿ ಹದಿನಾರು ತಿಂಗಳು. ಸೂಯೆಜ್ ಕಾಲುವೆ ಇನ್ನೂ ಆಗಿರಲಿಲ್ಲ. ಈಜಿಪ್ಟಿನ ಭೂಮಾರ್ಗವಾಗಿ ಕಾಗದ ಪತ್ರಗಳು ಭಾರತ ಮುಟ್ಟಲು ಹಲವು ವಾರಗಳು ಬೇಕು. ಭಾರವಾದ ಸರಕು ಆಫ್ರಿಕವನ್ನು ಬಳಸಿ ಹಾಯಿಹಡಗಿನಲ್ಲಿ ಬರಲು ನಾಲ್ಕು ತಿಂಗಳು, ಗಾಳಿ ಮುನಿದರೆ ಇನ್ನೂ ಹೆಚ್ಚು. ತಪ್ಪು ವಸ್ತು ಬಂದರೆ ಮತ್ತೆ ತರಿಸುವ ಮಾತೇ ಇಲ್ಲ. ಆದುದರಿಂದ ರಾಯ್ಲ್ ಮೊದಲು ಮಾಡಿದ್ದು ಪಟ್ಟಿ. ಯಾವ ಯಾವ ಬಗೆಯ ವಸ್ತುಗಳು ಬೇಕೆಂದು ವಿಂಗಡಿಸಿ ಬರೆದು ಭಾರತಕ್ಕೆ ಕಳುಹಿಸಿದರು. ಕಲ್ಕತ್ತ, ಮದರಾಸು, ಮುಂಬಯಿಗಳ ಸಮಿತಿಗಳು ಸಂಗ್ರಹಕ್ಕೆ ತೊಡಗಿದವು. ಹಾಗಲ್ಲದಿದ್ದರೆ ಎಲ್ಲರೂ ಚಿನ್ನ ಬೆಳ್ಳಿಯ ಸಾಮಾನನ್ನೇ ಕಳುಹಿಸಿ ಕೈತೊಳೆದುಕೊಳ್ಳುತ್ತಿದ್ದರೋ ಏನೋ. ರಾಯ್ಲ್‌ಗೆ ಬೇಕಾಗಿದ್ದದ್ದು ನಾರು, ಅಂಟು, ಎಣ್ಣೆಬೀಜ, ಬಣ್ಣ, ಹತ್ತಿ, ಗಿಡಮೂಲಿಕೆಗಳೂ ಹೌದು. ಔಷಧದ್ರವ್ಯಗಳನ್ನು ಪಾಠ ಹೇಳುವವನ ಕಣ್ಣು ಅದು.

(ಈ ಕೆಲಸದಲ್ಲಿ ವೈದ್ಯರು ಕಾಣಿಸಿಕೊಳ್ಳುವುದು ಆಕಸ್ಮಿಕವಲ್ಲ. 1851ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮೊದಲ ಅಧಿಕಾರಿಯಾದ ಎಡ್ವರ್ಡ್ ಬಾಲ್ಫೋರ್ ಕೂಡ ಶಸ್ತ್ರವೈದ್ಯರೇ. 1865ರಲ್ಲಿ ಸ್ಥಾಪಿತವಾದ ನಮ್ಮ ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೂ ಅವರದೇ ಮಾರ್ಗದರ್ಶನವಿತ್ತು.)

ಎಷ್ಟು ಮುಂದಾಲೋಚನೆ ಇದ್ದರೂ ಮಳಿಗೆಯಲ್ಲಿ ಏನಾದರೊಂದು ಕಡಿಮೆ ಬೀಳುವುದುಂಟು. ಭಾರತದಿಂದ ಅಂಬಾರಿ ಬಂದಿತು, ಆನೆ ಬರಲಿಲ್ಲ! ಅಂಬಾರಿಯನ್ನು ನೆಲದ ಮೇಲಿಟ್ಟರೆ ಅದಕ್ಕೇನು ಶೋಭೆ? ದಸರೆ ನೋಡಿದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಕೊನೆಗೆ ಎಸೆಕ್ಸ್ ಪ್ರಾಂತದ ಸ್ಯಾಫ್ರನ್ ವಾಲ್ಡನ್ ಎಂಬ ಊರಿನ ವಸ್ತುಸಂಗ್ರಹಾಲಯದಿಂದ ಹೊಟ್ಟು ತುಂಬಿದ ಆನೆಯೊಂದನ್ನು ತರಿಸಿ ಅದರ ಮೇಲೆ ಏರಿಸಿದರು. ಅದು ಆಫ್ರಿಕದ ಆನೆ. ಮೊರದಗಲದ ಕಿವಿಗಳನ್ನು ನೋಡಿ ನಮ್ಮ ಮಾವುತನೊಬ್ಬ ಕ್ಷಣದಲ್ಲಿ ಹೇಳಬಹುದಾಗಿದ್ದ ಸಂಗತಿ.

ಕೊಹಿನೂರು ವಜ್ರದ್ದು ಮತ್ತೊಂದು ಕಥೆ. 1849ರಲ್ಲಿ ಹತ್ತು ವರ್ಷದ ಬಾಲಕ ದುಲೀಪ್ ಸಿಂಗನಿಂದ ಪಡೆದ ಆ ವಜ್ರವನ್ನು ಕಂಪನಿಯ ಮಳಿಗೆಯಲ್ಲಲ್ಲ, ರಾಣಿಯ ಸ್ವತ್ತಾಗಿ ಪ್ರತ್ಯೇಕವಾಗಿ, ಪಂಜರದೊಳಗೆ ಇಟ್ಟಿದ್ದರು. ಗಾಜಿನ ಮಾಡಿನಿಂದ ಎಲ್ಲೆಡೆ ಬಿಸಿಲು ಚೆಲ್ಲಿದ್ದರೂ ಅದು ಹೊಳೆಯಲಿಲ್ಲ, ಜನ ನಿರಾಶರಾದರು. ಸುತ್ತ ಮರೆ ಕಟ್ಟಿ ಕತ್ತಲು ಮಾಡಿ, ಅನಿಲದೀಪ ಹಚ್ಚಿ ನೋಡಿದರೂ ತೃಪ್ತಿಯಾಗಲಿಲ್ಲ. 1852ರಲ್ಲಿ ವಜ್ರವನ್ನೇ ಮತ್ತೆ ಕಡೆಸಿ, 186 ಕ್ಯಾರೆಟ್ಟಿನದನ್ನು ಸುಮಾರು 106ಕ್ಕೆ ಇಳಿಸಿದರು. ದೀಪದ ವ್ಯವಸ್ಥೆ ಫಲಿಸದೆ ಸರಕನ್ನೇ ಕತ್ತರಿಸಿದ ಉದಾಹರಣೆ ಬೇರೆ ಇದೆಯೋ ಕಾಣೆ.

ಭಾರತ ವಿಭಾಗ ಮಾತ್ರ ಗೆದ್ದಿತು. ಢಾಕಾದ ಮಲಮಲ್, ಕಾಶ್ಮೀರದ ಶಾಲು, ತಿರುವಾಂಕೂರಿನ ದಂತದ ಸಿಂಹಾಸನಗಳ ಮುಂದೆ ಜನ ನಿಂತರು. ಮುಕ್ತಾಯ ಸಮಾರಂಭದಲ್ಲಿ ರಾಜಕುಮಾರ ಆಲ್ಬರ್ಟ್ ಕುಳಿತದ್ದು ಆ ಸಿಂಹಾಸನದ ಮೇಲೆಯೇ. ವಿನ್ಯಾಸಕ ಓವೆನ್ ಜೋನ್ಸ್ ಭಾರತೀಯ ವಸ್ತ್ರಗಳ ವರ್ಣಸಾಮರಸ್ಯವನ್ನು ಕೊಂಡಾಡಿದರು. ಆದರೆ ಹೆಚ್ಚಿನ ವಸ್ತುಗಳು ಪ್ರದರ್ಶಿತವಾದದ್ದು ಕಂಪನಿಯ ಹೆಸರಿನಲ್ಲಿ. ಔಷಧದ ಸೀಸೆಗೆ ಚೀಟಿ ಅಂಟಿಸುವಾಗ ದ್ರವ್ಯದ ಹೆಸರು, ಬೆಳೆಯುವ ಸ್ಥಳ, ಉಪಯೋಗ ಬರೆದರೆ ಸಾಕು. ಬೇರು ಕಿತ್ತವನ ಹೆಸರು ಬೇಕಿಲ್ಲ. ನೂಲಿಗೂ ನೇಯ್ಗೆಗೂ ಅದೇ ಕ್ರಮ ಅನ್ವಯವಾದದ್ದು ನನಗೆ ಸಣ್ಣ ವಿಷಯವಾಗಿ ತೋರುವುದಿಲ್ಲ.

1858ರಲ್ಲಿ ರಾಯ್ಲ್ ತೀರಿಕೊಂಡರು. ಅವರ ಸ್ಥಾನಕ್ಕೆ ಬಂದ ಜಾನ್ ಫೋರ್ಬ್ಸ್ ವಾಟ್ಸನ್ ಕೂಡ ವೈದ್ಯರೇ. ಮಳಿಗೆಯನ್ನೇ ಪುಸ್ತಕವಾಗಿ ಮಡಿಚಿಟ್ಟರೆ ಹೇಗೆಂದು ಅವರು ಯೋಚಿಸಿದರು. 1866ರಲ್ಲಿ ಭಾರತದ ಬಟ್ಟೆಗಳನ್ನು ಕತ್ತರಿಸಿ, 700 ತುಣುಕುಗಳನ್ನು 18 ಸಂಪುಟಗಳಲ್ಲಿ ಅಂಟಿಸಿದರು. ಧೋತರ, ಸೀರೆ, ಪೇಟಗಳ ಉದ್ದ, ಅಗಲ, ತೂಕ, ಊರುಗಳನ್ನು ನಮೂದಿಸಿದರು. ಭಾರತೀಯರು ಉಡುವುದೇನೆಂದು ಇಂಗ್ಲೆಂಡಿನ ಗಿರಣಿಯವರು ನೋಡಿ ತಿಳಿದು, ಅಂಥದನ್ನೇ ನೇಯ್ದು ಭಾರತಕ್ಕೆ ಮಾರಲೆಂಬುದು ಒಂದು ಮುಖ್ಯ ಉದ್ದೇಶ. ಇಂಥ 20 ಪ್ರತಿಗಳು ಸಿದ್ಧವಾದವು. ಬ್ರಿಟನ್ನಿಗೆ ಹಂಚಿದ್ದು 13. ಆ ಬಟ್ಟೆಗಳು ಬಂದ ದೇಶಕ್ಕೆ 7.