ಸೀಲಿಯಾಕ್
ಉದರವೆಂಬ ಅರ್ಥವುಳ್ಳ ‘ಕೊಯ್ಲಿಯಾ’ ಎಂಬ ಗ್ರೀಕ್ ಶಬ್ದದಿಂದ ಹುಟ್ಟಿ, ಪ್ರಾಚೀನ ವೈದ್ಯ ಅರಿಟೇಯಸನ ಗ್ರಂಥದಲ್ಲಿ ತಿಂದದ್ದು ಜೀರ್ಣವಾಗದೆ ಕೃಶರಾದವರಿಗೆ ವಿಶೇಷಣವಾಗಿದ್ದ ಈ ಪದವನ್ನು 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ, ಗುಣವಾಗುವುದಾದರೆ ಅದು ಪಥ್ಯದಿಂದಲೇ ಎಂದು ಸಾರಿದ ತನ್ನ ಲೇಖನಕ್ಕೆ ಶೀರ್ಷಿಕೆಯಾಗಿಸಿದನು. ಗೋದಿಯೇ ಅಪರಾಧಿಯೆಂದು ತೋರಿಸಿಕೊಟ್ಟವನು ಆಮೇಲಿನ ಡಚ್ ವೈದ್ಯ ಡಿಕೆ. ಹೆಸರು ಹೊಟ್ಟೆಯನ್ನಷ್ಟೇ ಸೂಚಿಸುತ್ತದೆ. ಗೋದಿ, ಬಾರ್ಲಿಗಳ ಗ್ಲುಟೆನ್ನಿಗೆ ಕೆರಳಿದ ದೇಹವು ತನ್ನದೇ ಸಣ್ಣಕರುಳಿನ ಒಳಪದರವನ್ನು ಸವೆಸುವ ವೈಚಿತ್ರ್ಯವನ್ನಲ್ಲ. ಈ ರೋಗವನ್ನೇ ‘ಗೋದಿ ಅಲರ್ಜಿ’ ಎನ್ನುವುದುಂಟು. ಅದು ಬೇರೆಯೇ ವ್ಯಾಧಿಯಾದುದರಿಂದ ಆ ಸಡಿಲ ಪ್ರಯೋಗ ನನಗೆ ಸಮ್ಮತವಲ್ಲ. ರಾಗಿಮುದ್ದೆ, ಜೋಳದ ರೊಟ್ಟಿಯುಳ್ಳ ನಾಡಿನಲ್ಲಿ ಪಥ್ಯವು ಸುಲಭವೆನಿಸೀತು. ಆದರೆ ಅಂಗಡಿಯ ಇಂಗಿಗೆ ಗೋದಿಹಿಟ್ಟನ್ನೋ ಮೈದಾವನ್ನೋ ಬೆರೆಸುವ ವಾಡಿಕೆಯಿರುವುದರಿಂದ, ಮುದ್ದೆಯ ಪಕ್ಕದ ಸಾರಿನ ಒಗ್ಗರಣೆಯನ್ನೂ ಈ ರೋಗವುಳ್ಳವರು ವಿಚಾರಿಸಿಯೇ ಉಣ್ಣತಕ್ಕದ್ದು.