ಸೋಲನನ ಋಣವಿಮೋಚನೆ

ಒಂದು ರಾಜ್ಯದ ಸಾಲಗಳನ್ನು ಒಂದೇ ಶಾಸನದಿಂದ ತೊಡೆದುಹಾಕಿದರೆ ಋಣಿಗಳ ಗತಿಯೇನಾಗುವುದು, ಸಾಲಕೊಟ್ಟವರ ಗತಿಯೇನಾಗುವುದು ಎಂಬ ಪ್ರಶ್ನೆಗೆ ಪ್ರಾಚೀನ ಇತಿಹಾಸದಲ್ಲಿ ದೊರೆಯುವ ನಿದರ್ಶನಗಳಲ್ಲಿ ಅಥೆನ್ಸ್ ನಗರದ ಸೋಲನನ ಕಾರ್ಯವು ಸುಪ್ರಸಿದ್ಧವಾದುದು. ಕ್ರಿ. ಪೂ. ೫೯೪ರಲ್ಲಿ ಆತನು ಆರ್ಕನ್ ಎಂಬ ಅಧಿಕಾರಪದವಿಯನ್ನು ವಹಿಸಿ ನಡೆಯಿಸಿದ ಈ ಕಾರ್ಯಕ್ಕೆ ಗ್ರೀಕರು 'ಸೈಸಾಕ್ತೀಯ', ಎಂದರೆ 'ಭಾರವನ್ನು ಕೊಡಹುವುದು' ಎಂದು ಹೆಸರಿಟ್ಟರು. ಕೊಡಹಿದ ಭಾರವು ಎಲ್ಲಿ ಬಿದ್ದಿತೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಮುಖ್ಯವಾಗಿ ಮೂರು ಆಧಾರಗಳುಂಟು. ಮೊದಲನೆಯದು ಸೋಲನನ ಕವಿತೆಗಳು. ಶಾಸನಕರ್ತನಾದ ಆತನು ಕವಿಯೂ ಆಗಿದ್ದನು. ಕೃತಿಗಳು ಉಳಿದುಬಂದಿರುವ ಅಥೆನ್ಸಿನ ಕವಿಗಳೊಳಗೆ ಆತನೇ ಮೊದಲಿಗನು. ಎರಡನೆಯದು ಅರಿಸ್ಟಾಟಲನ ಹೆಸರಿನಲ್ಲಿರುವ 'ಅಥೆನ್ಸಿನ ರಾಜ್ಯಪದ್ಧತಿ'. ಬಹುಕಾಲ ಲುಪ್ತವಾಗಿದ್ದ ಈ ಗ್ರಂಥವು ಈಜಿಪ್ಟ್ ದೇಶದ ಪಪೈರಸ್ ಸುರುಳಿಗಳಲ್ಲಿ ದೊರೆತು, ಕೆನ್ಯನ್ ಎಂಬ ವಿದ್ವಾಂಸನಿಂದ ೧೮೯೧ರಲ್ಲಿ ಪ್ರಕಟವಾಯಿತು. ಮೂರನೆಯದು ಪ್ಲೂಟಾರ್ಕನು ಸುಮಾರು ಏಳು ಶತಮಾನಗಳ ತರುವಾಯ ಬರೆದ ಸೋಲನನ ಚರಿತ್ರೆ.

ಅರಿಸ್ಟಾಟಲನ ಗ್ರಂಥದ ಪ್ರಕಾರ, ಆಗಿನ ಕಾಲದಲ್ಲಿ ಭೂಮಿಯೆಲ್ಲವೂ ಕೆಲವರ ವಶದಲ್ಲಿದ್ದಿತು. ಬಡವರು ಧನಿಕರ ಹೊಲಗಳನ್ನು ಉಳುತ್ತ 'ಆರನೆಯ ಪಾಲಿನವರು' ಎನ್ನಿಸಿಕೊಂಡಿದ್ದರು. ಗೇಣಿಯನ್ನು ಸಲ್ಲಿಸದಿದ್ದರೆ ಅವರೂ ಅವರ ಮಕ್ಕಳೂ ಸೆರೆಯಾಗುವರು. ಸಾಲಕ್ಕೆ ಸಾಲಗಾರನ ದೇಹವೇ ಒತ್ತೆಯಾಗಿದ್ದಿತು. ಹೀಗೆ ಸಿಕ್ಕಿಬಿದ್ದವರಲ್ಲಿ ಕೆಲವರು ಊರಿನಲ್ಲಿಯೇ ಜೀತಮಾಡುತ್ತಿದ್ದರು. ಕೆಲವರು ಪರದೇಶಗಳಿಗೆ ಮಾರಲ್ಪಟ್ಟಿದ್ದರು.

ಸೋಲನನು ಇದ್ದ ಸಾಲಗಳನ್ನು ರದ್ದುಮಾಡಿದನು. ಮುಂದೆ ದೇಹವನ್ನು ಒತ್ತೆಯಿಟ್ಟು ಸಾಲಕೊಡುವುದನ್ನು ನಿಷೇಧಿಸಿದನು. ಹೊಲಗಳಲ್ಲಿ ನೆಟ್ಟಿದ್ದ ಕಲ್ಲುಗಳನ್ನು ಕಿತ್ತುಹಾಕಿಸಿದುದನ್ನೂ, ಪರದೇಶದಲ್ಲಿ ಅಲೆದು ತಾಯ್ನುಡಿಯನ್ನೇ ಮರೆತಿದ್ದವರನ್ನು ಹಿಂದಕ್ಕೆ ಕರೆತಂದುದನ್ನೂ ಆತನು ತನ್ನ ಕವಿತೆಯಲ್ಲಿ ಹೇಳಿಕೊಂಡಿರುವನು. ಈ ಕಲ್ಲುಗಳು ಅಡವಿನ ಗುರುತುಗಳೋ, ಗೇಣಿಯ ಎಲ್ಲೆಗಳೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಮತಭೇದವುಂಟು; ಏಕೆಂದರೆ ಈಗ ದೊರೆತಿರುವ ಅಡವಿನ ಬರಹವುಳ್ಳ ಕಲ್ಲುಗಳು ಸೋಲನನಿಗಿಂತ ಬಹಳ ಈಚಿನ ಕಾಲದವು. ಆಂಡ್ರೋಶನ್ ಎಂಬ ಪ್ರಾಚೀನ ಚರಿತ್ರಕಾರನು ಬಡ್ಡಿಯನ್ನು ಇಳಿಸಿ ನಾಣ್ಯದ ಬೆಲೆಯನ್ನು ಮಾರ್ಪಡಿಸಿದುದೇ ಈ ಕಾರ್ಯವೆಂದನು. ಆದರೆ ಅಥೆನ್ಸಿನಲ್ಲಿ ನಾಣ್ಯಗಳು ಬಳಕೆಗೆ ಬಂದುದು ಸೋಲನನ ತರುವಾಯವೆಂದು ನಾಣ್ಯಶಾಸ್ತ್ರಜ್ಞರು ನಿರ್ಣಯಿಸಿರುವುದರಿಂದ ಈ ವಾದವು ನಿಲ್ಲಲಾರದು.

ಇನ್ನು ಸಾಲಕೊಟ್ಟವರ ಸ್ಥಿತಿಯನ್ನು ನೋಡಬಹುದು. ಅವರಿಗೆ ಬರತಕ್ಕ ಹಣವು ಹೋಯಿತು. ಆದರೆ ಭೂಮಿಯನ್ನು ಎಲ್ಲರಿಗೂ ಸಮನಾಗಿ ಹಂಚಬೇಕೆಂಬ ಬೇಡಿಕೆಯನ್ನು ಸೋಲನನು ನಿರಾಕರಿಸಿದುದರಿಂದ ದೊಡ್ಡ ಹಿಡುವಳಿದಾರರು ನೆಲೆತಪ್ಪಲಿಲ್ಲ. ಬಡ್ಡಿಯ ದರಕ್ಕೂ ಆತನು ಮಿತಿಯನ್ನು ವಿಧಿಸಲಿಲ್ಲವೆಂದು ಲಿಸಿಯಸನ ಭಾಷಣವೊಂದರಿಂದ ತಿಳಿಯುವುದು. ನಿಜವಾಗಿ ಕೆಟ್ಟವರು ಸಾಲಕೊಟ್ಟಿದ್ದ ಅಲ್ಪಧನಿಕರು. ಸಾಲದ ಹಣವನ್ನು ಕಳೆದುಕೊಂಡು ಬಡವರಾದವರು ಮುಂದೆ ಪೈಸಿಸ್ಟ್ರಾಟಸನ ಪಕ್ಷವನ್ನು ಸೇರಿದರೆಂದು ಅರಿಸ್ಟಾಟಲನ ಗ್ರಂಥವು ಸ್ಪಷ್ಟವಾಗಿ ಹೇಳುತ್ತದೆ. ಇನ್ನೊಂದು ಕಡೆ, ಶಾಸನದ ಸುಳಿವನ್ನು ಮೊದಲೇ ತಿಳಿದ ಸೋಲನನ ಮಿತ್ರರು ಸಾಲತೆಗೆದು ಭೂಮಿಯನ್ನು ಕೊಂಡು ಲಾಭಹೊಂದಿದರೆಂಬ ಕಥೆಯನ್ನು ಅರಿಸ್ಟಾಟಲನೂ ಪ್ಲೂಟಾರ್ಕನೂ ಹೇಳಿರುವರು. ಸೋಲನನು ಅದರಲ್ಲಿ ಪಾಲುಗಾರನೆಂಬುದನ್ನು ಇಬ್ಬರೂ ನಂಬಲಿಲ್ಲ. ಕಥೆಯು ನಿಜವಾಗಲಿ ಸುಳ್ಳಾಗಲಿ, ಋಣವಿಮೋಚನೆಯ ಲಾಭವು ಬಡವರಲ್ಲದವರ ಕೈಗೂ ಸೇರಬಹುದೆಂಬ ಸಂದೇಹವು ಎಷ್ಟು ಹಳೆಯದೆಂಬುದನ್ನು ಅದು ತೋರಿಸುವುದು.

ಋಣಿಗಳಿಗೆ ಸ್ವಾತಂತ್ರ್ಯವೇನೋ ದೊರೆಯಿತು. ಆದರೆ ಬಿತ್ತನೆಯ ಕಾಳಿಗೂ ಎತ್ತಿಗೂ ಬೇಕಾದ ಹಣವು ಶಾಸನದಿಂದ ದೊರೆಯಲಿಲ್ಲ. ದೇಹವನ್ನು ಒತ್ತೆಯಿಡಲಾಗದ ಬಡವನಿಗೆ ಒತ್ತೆಯಿಡತಕ್ಕ ವಸ್ತುವು ಬೇರೊಂದಿರಲಿಲ್ಲ. ಸೋಲನನು ಆಲಿವ್ ಎಣ್ಣೆಯ ಹೊರತು ಬೇರೆ ಬೆಳೆಗಳ ರಫ್ತನ್ನು ತಡೆದನೆಂದು ಪ್ಲೂಟಾರ್ಕನು ಹೇಳುವನು. ಆಲಿವ್ ಮರವಾದರೋ ಫಲಕೊಡಲು ಅನೇಕ ವರ್ಷಗಳು ಬೇಕು. ಹೀಗೆ ಉಭಯ ಪಕ್ಷಗಳಿಗೂ ತೃಪ್ತಿಯಾಗಲಿಲ್ಲ. ಸೋಲನನು ಹತ್ತು ವರ್ಷ ದೇಶಾಂತರ ಹೋದನು. ಅನಂತರ ಕಲಹದಿಂದ ಎರಡು ಸಲ ಆರ್ಕನ್ ಪದವಿಯೇ ಬರಿದಾಯಿತು.

ಈ ಕೊರತೆಯನ್ನು ತುಂಬಿದವನು ಪೈಸಿಸ್ಟ್ರಾಟಸನು. ಕ್ರಿ. ಪೂ. ೫೬೧ರ ಸುಮಾರಿನಲ್ಲಿ ಮೊದಲು ಅಧಿಕಾರವನ್ನು ಅಪಹರಿಸಿದ ಆತನು, ತನ್ನ ಆಳ್ವಿಕೆಯಲ್ಲಿ ಬಡ ಒಕ್ಕಲಿಗರಿಗೆ ತಾನೇ ಸಾಲವನ್ನು ಕೊಟ್ಟು, ಬೆಳೆಯಲ್ಲಿ ಹತ್ತನೆಯ ಒಂದಂಶವನ್ನು ತೆರಿಗೆಯಾಗಿ ಪಡೆದನು. ಜನರು ಹಳ್ಳಿಗಳಲ್ಲಿ ಚದರಿಕೊಂಡು ರಾಜಕಾರ್ಯದ ಗೊಡವೆಯಿಲ್ಲದೆ ಇರಲೆಂಬುದು ಆತನ ಉದ್ದೇಶವೆಂದು ಅರಿಸ್ಟಾಟಲನ ಗ್ರಂಥವು ವಿವರಿಸುವುದು. ಸೋಲನನು ಬಿಡಿಸಿದ ಒಕ್ಕಲಿಗನಿಗೆ ಬಂಡವಾಳವು ದೊರೆತುದು ಒಬ್ಬ ನಿರಂಕುಶಾಧಿಕಾರಿಯ ಕೈಯಿಂದ.

ಮತ್ತೊಂದು ಪರಿಣಾಮವೂ ಗಮನಾರ್ಹವಾದುದು. ಸ್ವದೇಶದ ಪ್ರಜೆಗಳನ್ನು ಜೀತಕ್ಕೆ ಹಿಡಿಯಲಾಗದಿದ್ದುದರಿಂದ ಧನಿಕರು ಹೊರನಾಡುಗಳಿಂದ ತಂದ ಗುಲಾಮರನ್ನು ಹೆಚ್ಚಾಗಿ ಕೊಳ್ಳತೊಡಗಿದರೆಂದು ಇಪ್ಪತ್ತನೆಯ ಶತಮಾನದ ಇತಿಹಾಸಕಾರ ಫಿನ್ಲೆಯು ಪ್ರತಿಪಾದಿಸಿದನು. ಈ ಮತವನ್ನು ಅಂಗೀಕರಿಸಿದರೆ, ಕೊಡಹಿದ ಭಾರದಲ್ಲಿ ಒಂದಂಶವು ಪರಕೀಯರ ಹೆಗಲಮೇಲೆ ಬಿದ್ದಿತೆಂದು ಹೇಳಬೇಕಾಗುವುದು.

ಅಥೆನ್ಸಿನವರು ಈ ಕಾರ್ಯದ ಎರಡು ಅಂಗಗಳನ್ನು ಬೇರೆಬೇರೆಯಾಗಿ ಎಣಿಸಿದರು. ದೇಹದ ಒತ್ತೆಯ ನಿಷೇಧವು ಸ್ಥಿರವಾಗಿ ನಿಂತಿತು. ಸಾಲದ ರದ್ದತಿಯಾದರೋ ಮರಳಿ ನಡೆಯಲಿಲ್ಲ. ಅದಕ್ಕೆ ಸಮ್ಮತಿಸೆನೆಂದು ನ್ಯಾಯಸಭಿಕರು ಪ್ರತಿಜ್ಞೆಮಾಡುತ್ತಿದ್ದರೆಂಬ ಉಲ್ಲೇಖವು ಡೆಮಾಸ್ಥೆನೀಸನ ಭಾಷಣವೊಂದರಲ್ಲಿದೆ. ಭಾರತದ ೧೯೭೬ರ ಜೀತಪದ್ಧತಿ ರದ್ದತಿಯ ಅಧಿನಿಯಮವೂ ಜೀತದ ಸಾಲವನ್ನು ಅಳಿಸಿ, ಜೀತವನ್ನೇ ನಿಷೇಧಿಸಿ, ಸೋಲನನಂತೆಯೇ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿತು. ಬಿಡುಗಡೆಹೊಂದಿದವರ ಜೀವನೋಪಾಯಕ್ಕೆ ನೆರವೀಯುವ ಕೇಂದ್ರಸರ್ಕಾರದ ಯೋಜನೆಯು ೧೯೭೮ರಲ್ಲಿ ಬಂದಿತು. ಅಥೆನ್ಸಿನಲ್ಲಿ ಈ ಮೂರನೆಯ ಕೆಲಸಕ್ಕೆ ಒಂದು ತಲೆಮಾರಿಗಿಂತ ಹೆಚ್ಚು ಕಾಲವು ಹಿಡಿಯಿತು. ಆ ನಡುವಣ ಅವಧಿಯಲ್ಲಿಯೇ ಸೋಲನನ ರಾಜ್ಯವ್ಯವಸ್ಥೆಯು ಪೈಸಿಸ್ಟ್ರಾಟಸನ ವಶವಾಯಿತು.