ತೂಗುಹಾಸಿಗೆ ಶಿಬಿರಕ್ಕೆ ಋತುಮಾನಾನುಸಾರ ಹಾಸು-ಹೊದಿಕೆಗಳ ಆಯ್ಕೆ: ಕಲಬುರಗಿ ನಗರ ಹಾಗೂ ಕಮಲಾಪುರ ಭಾಗದ ನಾಗರಿಕರಿಗೆ ಮಾಹಿತಿ

1. ಪ್ರಸ್ತಾವನೆ

ಕಲಬುರಗಿ ನಗರದಿಂದ ಹುಮನಾಬಾದ್ ಮಾರ್ಗವಾಗಿ ಕಮಲಾಪುರದ ಕಡೆಗೆ ಸಾಗಿದಂತೆ ಎರೆಭೂಮಿಯ ಬಯಲು ಮುಗಿದು ಕೆಂಪು ಮಣ್ಣಿನ ಗುಡ್ಡ ಹಾಗೂ ಕಣಿವೆಗಳು ಆರಂಭವಾಗುತ್ತವೆ. ಈ ಭಾಗದಲ್ಲಿಯೂ, ಜಿಲ್ಲೆಯ ಚಿಂಚೋಳಿ ಅರಣ್ಯದ ಕಡೆಗೂ ರಾತ್ರಿ ಶಿಬಿರ ಹೂಡಬಯಸುವ ನಾಗರಿಕರು ಎರಡು ಮರಗಳ ನಡುವೆ ಕಟ್ಟುವ ತೂಗುಹಾಸಿಗೆಯನ್ನು (ಹ್ಯಾಮಕ್) ಬಳಸುವುದುಂಟು. ಹಾವು, ಚೇಳು ಹಾಗೂ ನೆಲದ ತೇವದಿಂದ ದೂರವಿರಲು ಇದು ಅನುಕೂಲಕರ. ಆದರೆ ನೆಲದ ಮೇಲೆ ಮಲಗುವವರಿಗೆ ಸಾಕಾಗುವ ಹೊದಿಕೆಯು ತೂಗುಹಾಸಿಗೆಯಲ್ಲಿ ಸಾಕಾಗುವುದಿಲ್ಲ. ಅರ್ಜಿದಾರರು ಸಿದ್ಧತೆ ಮಾಡಿಕೊಳ್ಳುವ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಸೂಕ್ತ.

2. ಚಳಿ ಕೆಳಗಿನಿಂದ ತಗಲುವ ಕಾರಣ

ನಮ್ಮ ಭಾಗದಲ್ಲಿ ಬೇಸಿಗೆಯ ರಾತ್ರಿ ಅಂಗಳದಲ್ಲಿ ಹೊರಸು ಹಾಕಿ ಮಲಗುವ ರೂಢಿ ಇದೆ. ಹೊರಸಿನ ಕೆಳಗೆ ಗಾಳಿ ಆಡುವುದರಿಂದ ಬೆನ್ನಿಗೆ ತಂಪಾಗುತ್ತದೆ. ಚಳಿಗಾಲದಲ್ಲಿ ಅದೇ ಹೊರಸಿನ ಮೇಲೆ ದಪ್ಪನೆಯ ಗಾದಿ ಅಥವಾ ಕೌದಿ ಹಾಸದೆ ಯಾರೂ ಮಲಗುವುದಿಲ್ಲ. ತೂಗುಹಾಸಿಗೆಗೂ ಇದೇ ನಿಯಮ ಅನ್ವಯಿಸುತ್ತದೆ.

ಯಾವುದೇ ಹೊದಿಕೆಯು ತಾನಾಗಿ ಶಾಖವನ್ನು ಉತ್ಪಾದಿಸುವುದಿಲ್ಲ. ಅದರ ಎಳೆಗಳ ನಡುವೆ ನಿಂತ ಗಾಳಿಯು ದೇಹದ ಶಾಖ ಹೊರಹೋಗದಂತೆ ತಡೆಯುತ್ತದೆ. ಮಲಗಿದವರ ಭಾರಕ್ಕೆ ಬೆನ್ನಿನ ಕೆಳಗಿರುವ ಭಾಗವು ಒತ್ತಿ ಚಪ್ಪಟೆಯಾದಾಗ ಈ ಗಾಳಿಯ ಪದರ ಉಳಿಯುವುದಿಲ್ಲ. ಕೆಳಗೆ ಬೀಸುವ ಗಾಳಿಯು ಶಾಖವನ್ನು ಒಯ್ಯುತ್ತದೆ. ಆದ್ದರಿಂದ ಮೇಲೆ ಎರಡು ರಗ್ಗು ಹೊದ್ದರೂ ಬೆನ್ನು ಮತ್ತು ಸೊಂಟ ಕೊರೆಯುತ್ತವೆ. ಇದಕ್ಕೆ ಪರಿಹಾರ ಮೊದಲು ಹಾಸು, ನಂತರ ಹೊದಿಕೆ.

3. ಹಾಸಿನ ವಿಧಗಳು

(ಅ) ಅಡಿಹೊದಿಕೆ: ತೂಗುಹಾಸಿಗೆಯ ಹೊರಗೆ, ಅದರ ಕೆಳಭಾಗದಲ್ಲಿ ಕಟ್ಟುವ ಹೊದಿಕೆ. ಇದರ ಮೇಲೆ ದೇಹದ ಭಾರ ಬೀಳದ ಕಾರಣ ಒಳಗಿನ ಗಾಳಿಯ ಪದರ ಹಾಗೆಯೇ ಉಳಿಯುತ್ತದೆ. ಇದು ತೂಗುಹಾಸಿಗೆಗೆ ಸಡಿಲವಾಗಿ ತಾಗಿಕೊಂಡಿರಬೇಕು. ಜೋತುಬಿದ್ದರೆ ನಡುವೆ ಗಾಳಿ ನುಗ್ಗುತ್ತದೆ, ಬಿಗಿದರೆ ಚಪ್ಪಟೆಯಾಗುತ್ತದೆ.

(ಆ) ಫೋಮ್ ಚಾಪೆ: ಭಾರ ಬಿದ್ದರೂ ಹೆಚ್ಚು ಕುಗ್ಗುವುದಿಲ್ಲ, ನೀರು ಹೀರುವುದಿಲ್ಲ, ಬೆಲೆಯೂ ಕಡಿಮೆ. ಆದರೆ ರಾತ್ರಿ ಜಾರುತ್ತದೆ ಹಾಗೂ ಭುಜಗಳನ್ನು ಆವರಿಸುವುದಿಲ್ಲ. ಎರಡು ಪದರದ ತೂಗುಹಾಸಿಗೆಯಾದಲ್ಲಿ ಪದರಗಳ ನಡುವೆ ಇಡಬಹುದು.

(ಇ) ಕಂಬಳಿ: ದಖನಿ ಕುರಿಯ ಉಣ್ಣೆಯ ಕಂಬಳಿಯು ತೇವವನ್ನು ಹೀರಿಕೊಂಡರೂ ಬೆಚ್ಚಗಿಡುವ ಗುಣವನ್ನು ಪೂರ್ತಿ ಕಳೆದುಕೊಳ್ಳುವುದಿಲ್ಲ. ಕುರಿಗಾಹಿಗಳು ಮಳೆಯಲ್ಲಿ ಕಂಬಳಿಯನ್ನೇ ಕೊಪ್ಪೆಯಾಗಿ ಹೊದೆಯುವುದು ಇದೇ ಕಾರಣಕ್ಕೆ. ಉದ್ದಕ್ಕೆ ಎರಡು ಮಡಿಕೆ ಮಾಡಿ, ನಾಲ್ಕು ಮೂಲೆಗೆ ಹಗ್ಗ ಕಟ್ಟಿ ಅಡಿಹೊದಿಕೆಯಾಗಿ ಬಳಸಬಹುದು. ಭಾರ ಹೆಚ್ಚಾದ್ದರಿಂದ ದೂರ ನಡೆಯುವವರಿಗೆ ಸೂಕ್ತವಲ್ಲ.

(ಈ) ಕೌದಿ: ಹಳೆಯ ಸೀರೆ, ಧೋತರಗಳನ್ನು ಪದರವಾಗಿಟ್ಟು ಹೊಲಿದ ಕೌದಿಯು ಒಣ ಹವೆಯಲ್ಲಿ ಉತ್ತಮ. ಅರಿವೆ ನೆನೆದರೆ ಬೆಚ್ಚಗಿಡುವುದಿಲ್ಲ, ಬೇಗ ಒಣಗುವುದೂ ಇಲ್ಲ. ಮಳೆಗಾಲಕ್ಕೆ ಒಯ್ಯಬಾರದು.

4. ಋತುಮಾನಾನುಸಾರ ಆಯ್ಕೆ

ರಾತ್ರಿಯ ತಾಪಮಾನವು ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದಾದಲ್ಲಿ ಹಾಸು ಕಡ್ಡಾಯವೆಂದು ಭಾವಿಸತಕ್ಕದ್ದು.

ಬೇಸಿಗೆ (ಮಾರ್ಚ್‌ನಿಂದ ಮೇ): ಹಗಲು 40 ಡಿಗ್ರಿ ದಾಟುವುದು ಸಾಮಾನ್ಯ. ರಾತ್ರಿಗೆ ಹಾಸಿನ ಅವಶ್ಯಕತೆ ಇರುವುದಿಲ್ಲ. ತೆಳು ಹತ್ತಿ ಚಾದರ ಹಾಗೂ ಸೊಳ್ಳೆ ಪರದೆ ಸಾಕು.

ಮಳೆಗಾಲ (ಜೂನ್‌ನಿಂದ ಸೆಪ್ಟೆಂಬರ್): ಚಳಿಗಿಂತ ತೇವವೇ ಮುಖ್ಯ ತೊಂದರೆ. ಮೇಲೆ ತಾಡಪತ್ರಿ, ಕೆಳಗೆ ಫೋಮ್ ಚಾಪೆ, ಹೊದೆಯಲು ಉಣ್ಣೆ ಅಥವಾ ಕೃತಕ ನೂಲಿನ ಹೊದಿಕೆ ಇರಲಿ. ಹಕ್ಕಿ ಪುಕ್ಕ ತುಂಬಿದ ಸ್ಲೀಪಿಂಗ್ ಬ್ಯಾಗ್ ನೆನೆದರೆ ನಿಷ್ಪ್ರಯೋಜಕ. ಹಗ್ಗದ ಗುಂಟ ಇಳಿಯುವ ನೀರು ಹಾಸಿಗೆಗೆ ಬಾರದಂತೆ ಎರಡೂ ತುದಿಯಲ್ಲಿ ದಾರದ ತುಂಡು ಕಟ್ಟಿ ಇಳಿಬಿಡಬೇಕು.

ಮಳೆಯ ನಂತರ (ಅಕ್ಟೋಬರ್, ನವೆಂಬರ್): ಮಲಗುವಾಗ ಸೆಖೆ, ಬೆಳಗಿನ ಜಾವ ಚಳಿ ಹಾಗೂ ಇಬ್ಬನಿ. ಫೋಮ್ ಚಾಪೆಯೊಂದಿಗೆ ಒಂದು ಕಂಬಳಿ ಇರಿಸಿಕೊಳ್ಳುವುದು.

ಚಳಿಗಾಲ (ಡಿಸೆಂಬರ್‌ನಿಂದ ಫೆಬ್ರವರಿ): ರಾತ್ರಿ ತಾಪಮಾನವು 15 ಡಿಗ್ರಿಯ ಆಸುಪಾಸಿಗೆ, ಶೀತಗಾಳಿಯ ದಿನಗಳಲ್ಲಿ ಇನ್ನೂ ಕೆಳಗೆ ಇಳಿಯುತ್ತದೆ. ಅಡಿಹೊದಿಕೆ ಹಾಗೂ ಮೇಲ್ಹೊದಿಕೆ ಎರಡೂ ಬೇಕು. ಮುಗಿಲು ತಿಳಿಯಾಗಿದ್ದರೂ ತಾಡಪತ್ರಿ ಕಟ್ಟಿದರೆ ಇಬ್ಬನಿ ಬೀಳುವುದಿಲ್ಲ, ಶಾಖವೂ ಕೆಲಮಟ್ಟಿಗೆ ಉಳಿಯುತ್ತದೆ.

ತಂಪು ಗಾಳಿಯು ಭಾರವಾದ್ದರಿಂದ ರಾತ್ರಿ ತಗ್ಗಿಗೆ ಇಳಿದು ನಿಲ್ಲುತ್ತದೆ. ಆದ್ದರಿಂದ ಕಮಲಾಪುರ ಭಾಗದ ಕಣಿವೆಗಳಲ್ಲಿ ಮಲಗುವವರು ಕಲಬುರಗಿ ನಗರದ ಹವಾಮಾನ ವರದಿಯನ್ನೇ ನಂಬದೆ, ಅದಕ್ಕಿಂತ ಕೆಲವು ಡಿಗ್ರಿ ಕಡಿಮೆ ಇರುವುದೆಂದು ಎಣಿಸಿ ಸಿದ್ಧರಾಗಬೇಕು.

5. ಖರೀದಿಗೆ ಮುನ್ನ

ಸ್ಲೀಪಿಂಗ್ ಬ್ಯಾಗ್‌ಗಳ ಮೇಲೆ ಐಎಸ್‌ಒ 23537 ಮಾನದಂಡದಂತೆ ಮುದ್ರಿಸುವ ತಾಪಮಾನವು ಕೆಳಗೆ ಚಾಪೆ ಹಾಸಿ ನಡೆಸಿದ ಪರೀಕ್ಷೆಯ ಫಲ. ಹಾಸಿಲ್ಲದ ತೂಗುಹಾಸಿಗೆಗೆ ಅದು ಅನ್ವಯಿಸುವುದಿಲ್ಲ. ಹಣ ಸೀಮಿತವಾಗಿದ್ದಲ್ಲಿ ದುಬಾರಿ ಬ್ಯಾಗ್‌ಗಿಂತ ಮೊದಲು ಹಾಸಿಗೆ ಖರ್ಚು ಮಾಡುವುದು ಲಾಭಕರ. ಮನೆಯಲ್ಲಿ ಕಂಬಳಿ ಇದ್ದವರು ಹೊಸದನ್ನು ಕೊಳ್ಳಬೇಕಾಗಿಯೂ ಇಲ್ಲ. ಹೊರಡುವ ಮುನ್ನ ಮನೆಯ ಅಂಗಳದಲ್ಲಿ ಒಂದು ರಾತ್ರಿ ಮಲಗಿ ಪರೀಕ್ಷಿಸತಕ್ಕದ್ದು.

6. ಸುರಕ್ಷತಾ ಸೂಚನೆಗಳು

(ಅ) ಚಳಿ ಕಾಯಲು ತೂಗುಹಾಸಿಗೆಯ ಕೆಳಗೆ ಬೆಂಕಿ ಅಥವಾ ಕೆಂಡ ಇಡಬಾರದು. ಕೃತಕ ನೂಲಿಗೆ ಕಿಡಿ ತಗುಲಿದರೆ ಕ್ಷಣದಲ್ಲಿ ಕರಗುತ್ತದೆ. ಸುತ್ತ ತಾಡಪತ್ರಿ ಮುಚ್ಚಿದ್ದಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಪ್ರಾಣಾಪಾಯಕಾರಿ; ಅದಕ್ಕೆ ವಾಸನೆಯೂ ಇಲ್ಲ.

(ಆ) ಏಪ್ರಿಲ್, ಮೇ ತಿಂಗಳ ಮಳೆಯಲ್ಲಿ ಸಿಡಿಲಿನ ಭಯ ಹೆಚ್ಚು. ಗುಡುಗು ಕೇಳಿದ ಕೂಡಲೇ ಮರದಡಿಯಿಂದ ಎದ್ದು ಪಕ್ಕಾ ಕಟ್ಟಡ ಅಥವಾ ಮುಚ್ಚಿದ ವಾಹನವನ್ನು ಸೇರಬೇಕು.

(ಇ) ಒಣಗಿದ ಮರ ಅಥವಾ ಒಣ ಕೊಂಬೆಯ ಕೆಳಗೆ ಕಟ್ಟಬಾರದು. ತೊಗಟೆಗೆ ಹಾನಿಯಾಗದಂತೆ ಅಗಲ ಪಟ್ಟಿ ಬಳಸಬೇಕು. ನೆಲದಿಂದ ಕುರ್ಚಿಯ ಎತ್ತರವನ್ನು ಮೀರಬಾರದು.

(ಈ) ತಡೆಯಲಾರದ ನಡುಕ, ಮಾತು ತೊದಲುವುದು, ಮಂಕು ಕವಿಯುವುದು ದೇಹದ ಶಾಖ ಅಪಾಯಕರವಾಗಿ ಇಳಿದ ಲಕ್ಷಣಗಳು. ಮಕ್ಕಳು ಹಾಗೂ ವೃದ್ಧರಲ್ಲಿ ಇದು ಬೇಗ ಸಂಭವಿಸುತ್ತದೆ. ಒದ್ದೆ ಬಟ್ಟೆ ತೆಗೆದು, ಒಣ ಕಂಬಳಿ ಸುತ್ತಿ, ತುರ್ತು ಸಂಖ್ಯೆ 112ಕ್ಕೆ ಕರೆ ಮಾಡತಕ್ಕದ್ದು.

7. ಅನುಮತಿ

ಚಿಂಚೋಳಿ ವನ್ಯಜೀವಿಧಾಮವು 2011ರಲ್ಲಿ ಘೋಷಿತವಾಗಿದೆ. ವನ್ಯಜೀವಿಧಾಮಗಳ ಪ್ರವೇಶ ಹಾಗೂ ವಾಸ್ತವ್ಯವು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ 27 ಮತ್ತು 28ನೇ ಪ್ರಕರಣಗಳಿಗೆ ಒಳಪಟ್ಟಿದ್ದು, ಪರವಾನಗಿ ಇಲ್ಲದೆ ತಂಗುವಂತಿಲ್ಲ. ಮೀಸಲು ಅರಣ್ಯಗಳಲ್ಲಿಯೂ ಅರಣ್ಯ ಇಲಾಖೆಯ ಪೂರ್ವಾನುಮತಿ ಪಡೆಯತಕ್ಕದ್ದು. ಖಾಸಗಿ ತೋಟ, ಹೊಲಗಳಲ್ಲಿ ಮಾಲೀಕರ ಒಪ್ಪಿಗೆ ಪಡೆಯಬೇಕು.

ಅನುಮತಿ ಪತ್ರವು ತಂಗುವ ಹಕ್ಕನ್ನು ಮಾತ್ರ ನೀಡುತ್ತದೆ. ಚಳಿಯಿಂದ ರಕ್ಷಣೆಯ ಹೊಣೆ ಅರ್ಜಿದಾರರದೇ ಆಗಿರುತ್ತದೆ. ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.